ಸ್ವಂತ ಸರ್ವರಿನಲ್ಲಿ ಫೈಲ್ ಇಡುವ ಮುನ್ನ: ಬೇಕಿರುವುದು ಸಿಂಕೋ, ಹಂಚಿಕೆಯೋ?

ಫೈಲುಗಳನ್ನು ದೊಡ್ಡ ಕಂಪನಿಗಳ ಕ್ಲೌಡಿನಿಂದ ತೆಗೆದು ಸ್ವಂತ ಸರ್ವರಿಗೆ ತಂದುಕೊಳ್ಳಬೇಕು ಅನ್ನುವ ಮಾತು ಈಗ ಹವ್ಯಾಸಿಗಳ ಮಾತಾಗಿ ಉಳಿದಿಲ್ಲ. ಅಮೆರಿಕದಲ್ಲಿ 2018ರಲ್ಲಿ ಕ್ಲೌಡ್ ಆಕ್ಟ್ ಬಂತು. ಅಲ್ಲಿನ ಕಂಪನಿಯ ಕೈಯಲ್ಲಿರುವ ಡೇಟಾ ಯಾವ ದೇಶದ ಡಿಸ್ಕಿನಲ್ಲಿದ್ದರೂ ಕಾನೂನಿನ ಪ್ರಕಾರ ಕೇಳಬಹುದು ಎಂದು ಅದು ಹೇಳಿತು. ಜರ್ಮನಿಯ ಕೇಂದ್ರ ಸರ್ಕಾರದ ಐಟಿ ಸಂಸ್ಥೆ ಅದೇ ವರ್ಷ, ಸ್ವಂತ ಸರ್ವರಿನಲ್ಲಿ ಫೈಲ್ ಇಟ್ಟು ಹಂಚಿಕೊಳ್ಳುವ ನೆಕ್ಸ್ಟ್‌ಕ್ಲೌಡ್ ಎಂಬ ಸಾಫ್ಟ್‌ವೇರನ್ನು ಆರಿಸಿಕೊಂಡಿತು. ಸರ್ಕಾರಗಳೇ ಹೀಗೆ ಯೋಚಿಸುತ್ತಿರುವಾಗ ಸಣ್ಣ ಸಂಸ್ಥೆಗಳು, ಗೆಳೆಯರ ಗುಂಪುಗಳು, ಮನೆಮಂದಿ ಕೂಡ ಯೋಚಿಸುವುದು ಸಹಜ.

ಆದರೆ ಹೊರಟವರು ಮೊದಲು ಏನು ಮಾಡುತ್ತಾರೆ? ನೆಕ್ಸ್ಟ್‌ಕ್ಲೌಡ್, ಸೀಫೈಲ್, ಸಿಂಕ್‌ಥಿಂಗ್, ಓನ್‌ಕ್ಲೌಡ್ ಎಂದು ಹೆಸರುಗಳನ್ನು ಸಾಲಾಗಿ ಬರೆದು, ಯಾವುದರಲ್ಲಿ ಏನೇನಿದೆ ಅಂತ ಟಿಕ್ ಹಾಕುತ್ತಾ ಹೋಗುತ್ತಾರೆ. ಜಾಸ್ತಿ ಟಿಕ್ ಬಿದ್ದದ್ದು ಗೆಲ್ಲುತ್ತದೆ. ಆರು ತಿಂಗಳು ಕಳೆಯುವಷ್ಟರಲ್ಲಿ ಬೇಸರ ಶುರುವಾಗುತ್ತದೆ. ಇದು ನಿಧಾನ, ಇದರಲ್ಲಿ ಫೈಲ್ ಕಾಣೆಯಾಯಿತು, ಇದನ್ನು ಅಪ್‌ಡೇಟ್ ಮಾಡುವುದೇ ಒಂದು ಕೆಲಸ, ಹೀಗೆ.

ನಾನು ನೋಡಿದ ಮಟ್ಟಿಗೆ ಈ ಬೇಸರದ ಬೇರು ಒಂದೇ ಕಡೆ ಇದೆ. ಸಿಂಕ್ ಮಾಡುವುದು ಮತ್ತು ಹಂಚಿಕೊಳ್ಳುವುದು ಎರಡು ಬೇರೆ ಬೇರೆ ಕೆಲಸಗಳು. ಒಂದೇ ಫೋಲ್ಡರ್ ನನ್ನ ಲ್ಯಾಪ್‌ಟಾಪ್, ಫೋನ್, ಇನ್ನೊಂದು ಕಂಪ್ಯೂಟರಿನಲ್ಲಿ ಒಂದೇ ಥರ ಇರುವುದು ಸಿಂಕ್. ಯಾರು ಏನನ್ನು ನೋಡಬಹುದು, ಯಾರು ತಿದ್ದಬಹುದು, ಎಷ್ಟು ದಿನ ಎಂದು ಗೊತ್ತು ಮಾಡುವುದು ಹಂಚಿಕೆ. ಮೊದಲನೆಯದರಲ್ಲಿ ಲೆಕ್ಕಕ್ಕೆ ಬರುವುದು ಯಂತ್ರಗಳು. ಎರಡನೆಯದರಲ್ಲಿ ಮನುಷ್ಯರು. ಒಂದನ್ನು ಚೆನ್ನಾಗಿ ಮಾಡುವ ಸಾಫ್ಟ್‌ವೇರ್ ಇನ್ನೊಂದನ್ನು ಸುಮಾರಾಗಿ ಮಾಡಬಹುದು, ಅಥವಾ ಮಾಡದೆಯೇ ಇರಬಹುದು.

ಸಿಂಕ್‌ಥಿಂಗ್ ನೋಡಿದರೆ ಇದು ಬೇಗ ಅರ್ಥವಾಗುತ್ತದೆ. ಯಾಕೋಬ್ ಬೋರ್ಗ್ 2013ರಲ್ಲಿ ಶುರು ಮಾಡಿದ ಈ ಸಾಫ್ಟ್‌ವೇರಿನಲ್ಲಿ ಫೈಲುಗಳನ್ನು ಇಟ್ಟುಕೊಳ್ಳುವ ಕೇಂದ್ರ ಸರ್ವರ್ ಅನ್ನುವುದೇ ಇಲ್ಲ. ಪ್ರತಿ ಯಂತ್ರಕ್ಕೂ ಒಂದು ಉದ್ದನೆಯ ಗುರುತು ಇರುತ್ತದೆ. ಎರಡು ಯಂತ್ರಗಳು ಒಂದರ ಗುರುತನ್ನು ಇನ್ನೊಂದು ಒಪ್ಪಿಕೊಂಡರೆ ಸಾಕು, ಫೋಲ್ಡರ್ ಎರಡೂ ಕಡೆ ಸಮನಾಗುತ್ತದೆ. ಫೈಲನ್ನು 128 ಕೆಬಿಯಿಂದ 16 ಎಂಬಿವರೆಗಿನ ತುಂಡುಗಳಾಗಿ ನೋಡುತ್ತದೆ, ಬದಲಾದ ತುಂಡನ್ನು ಮಾತ್ರ ಕಳಿಸುತ್ತದೆ. ನೇರ ದಾರಿ ಸಿಗದಿದ್ದರೆ ನಡುವೆ ನಿಂತು ದಾಟಿಸುವ ರಿಲೇ ಸರ್ವರ್ ಮೂಲಕ ಸಾಗಿಸುತ್ತದೆ. ಎಲ್ಲವೂ ಎನ್‌ಕ್ರಿಪ್ಟ್ ಆಗಿ, ಅಂದರೆ ಕೀಲಿ ಇಲ್ಲದವರಿಗೆ ಓದಲಾಗದಂತೆ ಇರುವುದರಿಂದ ರಿಲೇ ನಡೆಸುವವರಿಗೆ ಒಳಗಿನದು ಕಾಣುವುದಿಲ್ಲ. ಡೇಟಾಬೇಸ್ ಸರ್ವರ್ ಬೇಡ, ಡೊಮೈನ್ ಹೆಸರು ಬೇಡ. ಒಬ್ಬರೇ ಮೂರು ಯಂತ್ರ ಬಳಸುವವರಾದರೆ ಇದಕ್ಕಿಂತ ನೆಮ್ಮದಿಯದು ಇನ್ನೊಂದಿಲ್ಲ ಅಂತಲೇ ನಾನು ಹೇಳುತ್ತೇನೆ.

ಈಗ ಎರಡನೆಯ ಮನುಷ್ಯ ಬಂದರು ಅಂದುಕೊಳ್ಳಿ. ಸಿಂಕ್‌ಥಿಂಗಿಗೆ ಆ ಮನುಷ್ಯ ಯಾರೆಂದು ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಅವರ ಯಂತ್ರ. ಈ ಒಂದು ಫೈಲನ್ನು ಒಂದು ವಾರದ ಮಟ್ಟಿಗೆ ಲಿಂಕ್ ಮೂಲಕ ಕಳಿಸೋಣ ಅಂದರೆ ಆಗದು. ಅವರ ಕಡೆ ಅಳಿಸಿದ್ದು ನಿಮ್ಮ ಕಡೆಯೂ ಅಳಿಯುತ್ತದೆ. ಎರಡೂ ಯಂತ್ರ ಒಂದೇ ಹೊತ್ತಿಗೆ ಆನ್ ಇಲ್ಲದಿದ್ದರೆ ಏನೂ ದಾಟುವುದಿಲ್ಲ, ಹಾಗಾಗಿ ಸದಾ ಆನ್ ಇರುವ ಮೂರನೆಯ ಯಂತ್ರ ಒಂದನ್ನು ಇಟ್ಟುಕೊಳ್ಳಬೇಕಾಗುತ್ತದೆ. ಆಂಡ್ರಾಯ್ಡ್‌ನ ಅಧಿಕೃತ ಆ್ಯಪ್ ಕೂಡ 2024ರ ಕೊನೆಗೆ ನಿಂತುಹೋಯಿತು. ಅದೇ ಕೋಡಿನಿಂದ ಕವಲೊಡೆದ, ಬೇರೆಯವರು ನೋಡಿಕೊಳ್ಳುವ ಫೋರ್ಕ್ ಒಂದು ಮುಂದುವರಿದಿದೆ. ಇದ್ಯಾವುದೂ ಸಿಂಕ್‌ಥಿಂಗಿನ ದೋಷ ಅಲ್ಲ. ಅದು ಒಪ್ಪಿಕೊಂಡದ್ದೇ ಸಿಂಕ್ ಕೆಲಸವನ್ನು.

ಅಳಿಸುವುದರ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡಬೇಕು. ನಾನು ಹಿಂದೆ ಎರಡು ಕಂಪ್ಯೂಟರ್ ನಡುವೆ ಒಂದು ಸ್ಕ್ರಿಪ್ಟ್ ಇಟ್ಟು ಫೋಲ್ಡರ್ ಸಮ ಮಾಡಿಕೊಳ್ಳುತ್ತಿದ್ದೆ. ಒಂದು ದಿನ ಹೊರಗಿನ ಡಿಸ್ಕ್ ಸರಿಯಾಗಿ ಮೌಂಟ್ ಆಗಿರಲಿಲ್ಲ, ಅಂದರೆ ಕಂಪ್ಯೂಟರಿಗೆ ಜೋಡಣೆಯಾಗಿರಲಿಲ್ಲ. ಸ್ಕ್ರಿಪ್ಟಿಗೆ ಕಂಡದ್ದು ಖಾಲಿ ಫೋಲ್ಡರ್. ಎಲ್ಲ ಫೈಲುಗಳನ್ನೂ ಅಳಿಸಿದ್ದಾರೆ ಅಂತ ತಿಳಿದು ಅದು ಇನ್ನೊಂದು ಕಡೆಯೂ ಎಲ್ಲವನ್ನೂ ಅಳಿಸಿತು. ಹಳೆಯ ಬ್ಯಾಕಪ್ ಇದ್ದದ್ದರಿಂದ ಬಹುಪಾಲು ಉಳಿಯಿತು, ಆದರೆ ಕೆಲವು ಫೋಟೋಗಳು ಹೋದವು. ಸಿಂಕ್‌ಥಿಂಗ್ ಪ್ರತಿ ಫೋಲ್ಡರಿನೊಳಗೆ ಒಂದು ಅಡಗಿದ ಗುರುತನ್ನು ಇಡುತ್ತದೆ. ಆ ಗುರುತು ಕಾಣದಿದ್ದರೆ ಫೋಲ್ಡರ್ ಖಾಲಿಯಾಗಿದೆ ಎಂದು ನಂಬದೆ ಸಿಂಕನ್ನೇ ನಿಲ್ಲಿಸುತ್ತದೆ. ಇಂಥ ಸಣ್ಣ ಎಚ್ಚರಿಕೆ ಸೌಲಭ್ಯಗಳ ಪಟ್ಟಿಯಲ್ಲಿ ಬರುವುದೇ ಇಲ್ಲ. ನಿಜವಾಗಿ ಕಾಪಾಡುವುದು ಮಾತ್ರ ಇವೇ.

ಯಾರದು ಈ ಫೋಲ್ಡರ್?

ಜನರ ನಡುವೆ ಹಂಚಿಕೊಳ್ಳುವುದೇ ಮುಖ್ಯ ಅಂದಾಗ ಮಾತು ನೆಕ್ಸ್ಟ್‌ಕ್ಲೌಡ್, ಸೀಫೈಲ್, ಓನ್‌ಕ್ಲೌಡ್‌ಗಳ ಕಡೆ ತಿರುಗುತ್ತದೆ. ಇವುಗಳಲ್ಲಿ ಬಳಕೆದಾರರ ಖಾತೆಗಳಿವೆ, ಗುಂಪುಗಳಿವೆ, ಲಿಂಕಿಗೆ ಪಾಸ್‌ವರ್ಡ್ ಮತ್ತು ಕೊನೆಯ ದಿನಾಂಕ ಹಾಕಬಹುದು. ಇಷ್ಟು ಎಲ್ಲದರಲ್ಲೂ ಇರುವುದರಿಂದ ಇದರ ಮೇಲೆ ಆಯ್ಕೆ ಮಾಡಲು ಆಗುವುದಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆ: ಹಂಚಿಕೊಂಡ ಫೋಲ್ಡರ್ ಯಾರ ಹೆಸರಿನಲ್ಲಿದೆ?

ನೆಕ್ಸ್ಟ್‌ಕ್ಲೌಡಿನಲ್ಲಿ ಸಾಮಾನ್ಯವಾಗಿ ಫೋಲ್ಡರ್ ಒಬ್ಬ ವ್ಯಕ್ತಿಯದು. ಅವರು ಉಳಿದವರಿಗೆ ಹಂಚಿರುತ್ತಾರೆ. ಎರಡು ವರ್ಷ ಎಲ್ಲರೂ ಅದರಲ್ಲಿ ಕೆಲಸ ಮಾಡುತ್ತಾರೆ. ಆಮೇಲೆ ಆ ವ್ಯಕ್ತಿ ಗುಂಪು ಬಿಡುತ್ತಾರೆ, ಯಾರೋ ಅವರ ಖಾತೆಯನ್ನು ಅಳಿಸುತ್ತಾರೆ, ಫೋಲ್ಡರ್ ಎಲ್ಲರ ಕಡೆಯಿಂದಲೂ ಮಾಯವಾಗುತ್ತದೆ. ಅಳಿಸುವ ಮೊದಲು ಒಡೆತನವನ್ನು ಬೇರೆಯವರಿಗೆ ದಾಟಿಸಲು ಒಂದು ಕಮಾಂಡ್ ಇದೆ. ಅದು ಇದೆ ಅಂತ ಮೊದಲೇ ಗೊತ್ತಿರಬೇಕು, ಅಷ್ಟೇ. ಗುಂಪಿನ ಹೆಸರಿನಲ್ಲೇ ಫೋಲ್ಡರ್ ಇಡಲು ಬೇರೆ ಆ್ಯಪ್ ಇದೆ, ಅದನ್ನು ಮೊದಲ ದಿನವೇ ಹಾಕಿಕೊಳ್ಳುವುದು ಒಳ್ಳೆಯದು. ಓನ್‌ಕ್ಲೌಡಿನ ಹೊಸ ಆವೃತ್ತಿಯಾದ ಇನ್ಫಿನಿಟ್ ಸ್ಕೇಲ್‌ನಲ್ಲಿ ಸ್ಪೇಸ್ ಅನ್ನುವ ವ್ಯವಸ್ಥೆ ಬಂದಿರುವುದು ಇದೇ ಕಾರಣಕ್ಕೆ. ಅಲ್ಲಿ ಜಾಗ ಯಾವ ಒಬ್ಬರದೂ ಅಲ್ಲ, ಸದಸ್ಯರು ಬಂದು ಹೋಗುತ್ತಾರೆ, ಫೈಲುಗಳು ಉಳಿಯುತ್ತವೆ. ಐದು ಜನಕ್ಕಿಂತ ಹೆಚ್ಚಿನ ಗುಂಪಾದರೆ ನಾನು ಎಲ್ಲಕ್ಕಿಂತ ಮೊದಲು ನೋಡುವುದು ಈ ಒಂದು ವಿಷಯವನ್ನು.

ಇಬ್ಬರು ಒಂದೇ ಫೈಲನ್ನು ಒಂದೇ ಹೊತ್ತಿಗೆ ತಿದ್ದಿದಾಗ ಏನಾಗುತ್ತದೆ ಅನ್ನುವುದು ಇನ್ನೊಂದು. ಯಾವ ಸಾಫ್ಟ್‌ವೇರೂ ಇದನ್ನು ಮಾಯಮಂತ್ರದಿಂದ ಬಿಡಿಸುವುದಿಲ್ಲ. ಎಲ್ಲವೂ ಎರಡನೆಯ ಪ್ರತಿಯನ್ನು ಬೇರೆ ಹೆಸರಿನಲ್ಲಿ ಪಕ್ಕಕ್ಕಿಡುತ್ತವೆ, ಒಂದು ಮಾಡುವ ಕೆಲಸ ಮನುಷ್ಯರಿಗೇ ಬಿಟ್ಟದ್ದು. ತಡೆಯಬೇಕೆಂದರೆ ಫೈಲಿಗೆ ಬೀಗ ಹಾಕುವ ವ್ಯವಸ್ಥೆ ಬೇಕು, ಅಥವಾ ಕೊಲಾಬೊರಾ, ಓನ್ಲಿಆಫೀಸ್ ಥರದ ಬ್ರೌಸರಿನಲ್ಲೇ ತಿದ್ದುವ ಸಾಧನ ಬೇಕು. ನೆಕ್ಸ್ಟ್‌ಕ್ಲೌಡಿನಲ್ಲಿ ಬೀಗದ ಆ್ಯಪ್ ಉಚಿತವಾಗಿ ಸಿಗುತ್ತದೆ. ಸೀಫೈಲಿನಲ್ಲಿ ಅದು ಪ್ರೊ ಆವೃತ್ತಿಯಲ್ಲಿ ಮಾತ್ರ. ಒಂದು ಎಚ್ಚರಿಕೆ: ಡೇಟಾಬೇಸ್ ಫೈಲ್, ಬ್ರೌಸರಿನ ಪ್ರೊಫೈಲ್, ಮೇಲ್ ಪ್ರೋಗ್ರಾಮಿನ ಸಂಗ್ರಹ ಇವನ್ನು ಯಾವ ಸಿಂಕ್ ಫೋಲ್ಡರಿನಲ್ಲೂ ಇಡಬೇಡಿ. ಒಂದು ಪ್ರೋಗ್ರಾಮ್ ಬರೆಯುತ್ತಿರುವಾಗಲೇ ಇನ್ನೊಂದು ಅರ್ಧ ಬರೆದದ್ದನ್ನು ಒಯ್ದರೆ ಫೈಲ್ ಕೆಡುತ್ತದೆ.

ಡಿಸ್ಕಿನ ಮೇಲೆ ಫೈಲ್ ಹೇಗೆ ಕೂತಿದೆ?

ಸಾಫ್ಟ್‌ವೇರ್ ಕೈಕೊಟ್ಟ ದಿನ ಮುಖ್ಯವಾಗುವ ಪ್ರಶ್ನೆ ಇದು. ಆದರೆ ಕೇಳಬೇಕಾದದ್ದು ಹಾಕಿಕೊಳ್ಳುವ ದಿನ.

ನೆಕ್ಸ್ಟ್‌ಕ್ಲೌಡ್ ಸಾಮಾನ್ಯ ವ್ಯವಸ್ಥೆಯಲ್ಲಿ ಫೈಲನ್ನು ಫೈಲಾಗಿಯೇ ಇಡುತ್ತದೆ. ಬಳಕೆದಾರರ ಹೆಸರಿನ ಫೋಲ್ಡರ್, ಅದರೊಳಗೆ ಅವರ ಫೈಲುಗಳು, ಅದೇ ಹೆಸರಿನಲ್ಲಿ. ನಾಳೆ ನೆಕ್ಸ್ಟ್‌ಕ್ಲೌಡ್ ಶುರುವಾಗದೇ ಹೋದರೂ ಡಿಸ್ಕ್ ತೆಗೆದು ಬೇರೆ ಕಂಪ್ಯೂಟರಿಗೆ ಹಾಕಿ ಫೈಲುಗಳನ್ನು ಎತ್ತಿಕೊಳ್ಳಬಹುದು. ಆದರೆ ಒಂದು ಬೆಲೆ ಇದೆ. ಯಾವ ಫೈಲ್ ಎಲ್ಲಿದೆ ಅನ್ನುವ ಲೆಕ್ಕ ಡೇಟಾಬೇಸಿನಲ್ಲೂ ಇರುತ್ತದೆ. ನೀವು ಆ ಫೋಲ್ಡರಿಗೆ ಸುಮ್ನೆ ಒಂದು ಫೈಲ್ ಹಾಕಿದರೆ ಅದು ನೆಕ್ಸ್ಟ್‌ಕ್ಲೌಡಿಗೆ ಕಾಣುವುದಿಲ್ಲ. ಮತ್ತೆ ಸ್ಕ್ಯಾನ್ ಮಾಡಲು ಹೇಳಬೇಕು. ಇನ್ನೊಂದು, ನೆಕ್ಸ್ಟ್‌ಕ್ಲೌಡನ್ನು ಆಬ್ಜೆಕ್ಟ್ ಸ್ಟೋರೇಜ್ (ಫೋಲ್ಡರುಗಳಿಲ್ಲದೆ ಡೇಟಾ ಇಡುವ ಸಂಗ್ರಹ) ಮೇಲೆ ನಿಲ್ಲಿಸಿದರೆ ಈ ಅನುಕೂಲ ಹೊರಟುಹೋಗುತ್ತದೆ. ಅಲ್ಲಿ ಪ್ರತಿ ಫೈಲೂ ಬರೀ ಒಂದು ಸಂಖ್ಯೆ. ಹೆಸರುಗಳೆಲ್ಲ ಡೇಟಾಬೇಸಿನಲ್ಲಿ. ಡೇಟಾಬೇಸ್ ಹೋದರೆ ನಿಮ್ಮ ಬಳಿ ಉಳಿಯುವುದು ಹೆಸರಿಲ್ಲದ ಸಾವಿರಾರು ಫೈಲುಗಳು.

ಸೀಫೈಲಿನ ದಾರಿ ಬೇರೆ. ಪ್ರೋಗ್ರಾಮ್ ಬರೆಯುವವರು ಕೋಡಿನ ಬದಲಾವಣೆಗಳ ಲೆಕ್ಕ ಇಡಲು ಬಳಸುವ ಗಿಟ್ ಥರ ಅದು ಯೋಚಿಸುತ್ತದೆ. ಅದರ ಪ್ರತಿ ಲೈಬ್ರರಿಗೂ (ಫೈಲುಗಳ ಸಂಗ್ರಹಕ್ಕೂ) ಕಮಿಟ್‌ಗಳು, ಅಂದರೆ ಬದಲಾವಣೆಗಳ ದಾಖಲೆಗಳು ಇವೆ, ಫೈಲ್ ತುಂಡುಗಳಾಗಿ ಒಡೆದುಹೋಗಿರುತ್ತದೆ. ತುಂಡು ಎಲ್ಲಿ ಕತ್ತರಿಸಬೇಕು ಎನ್ನುವುದನ್ನು ಒಳಗಿನ ಡೇಟಾ ನೋಡಿಯೇ ತೀರ್ಮಾನಿಸುತ್ತದೆ. ಹಾಗಾಗಿ ದೊಡ್ಡ ಫೈಲಿನ ನಡುವೆ ಏನೋ ಸೇರಿದರೆ ಆ ತುಂಡಷ್ಟೇ ಬದಲಾಗುತ್ತದೆ, ಉಳಿದದ್ದು ಮತ್ತೆ ಸಾಗಬೇಕಿಲ್ಲ. ಒಂದೇ ತುಂಡು ಎರಡು ಕಡೆ ಇದ್ದರೆ ಒಮ್ಮೆ ಮಾತ್ರ ಉಳಿಯುತ್ತದೆ. ವೇಗದಲ್ಲಿ ಸೀಫೈಲ್ ನೆಕ್ಸ್ಟ್‌ಕ್ಲೌಡಿಗಿಂತ ಮುಂದೆ ಅನ್ನುವ ಮಾತು ಹುಟ್ಟಿದ್ದು ಇಲ್ಲಿಂದ. ಬಳಕೆದಾರರ ಯಂತ್ರದಲ್ಲಿ ಓಡುವ ನೆಕ್ಸ್ಟ್‌ಕ್ಲೌಡಿನ ಕ್ಲೈಂಟ್ ಬದಲಾದ ಫೈಲನ್ನು ಪೂರ್ತಿ ಮತ್ತೆ ಕಳಿಸುತ್ತದೆ. ಸಣ್ಣ ಫೈಲುಗಳು ಸಾವಿರಗಟ್ಟಲೆ ಇದ್ದರೆ ಪ್ರತಿಯೊಂದಕ್ಕೂ ಡೇಟಾಬೇಸಿಗೆ ಹೋಗಿ ಬರಬೇಕಾಗಿ ನಿಧಾನವಾಗುತ್ತದೆ. ಅಂದಹಾಗೆ ವರ್ಡ್ ಥರದ ದಾಖಲೆಗಳು ಒಳಗೆ ಜಿಪ್ ಆಗಿರುತ್ತವೆ. ಅಲ್ಲಿ ಒಂದು ಸಾಲು ಬದಲಿಸಿದರೂ ಫೈಲಿನ ಬಹುಭಾಗ ಬದಲಾಗಬಹುದು, ತುಂಡು ಕಳಿಸುವ ಜಾಣತನದಿಂದ ಅಷ್ಟೇನೂ ಲಾಭ ಸಿಗದು. ದೊಡ್ಡ ವರ್ಚುವಲ್ ಮೆಷಿನ್ ಫೈಲು, ವಿಡಿಯೋ ಯೋಜನೆ ಇಂಥವು ಇದ್ದವರಿಗೆ ಸೀಫೈಲಿನ ಲೆಕ್ಕ ಬೇರೆ.

ಆದರೆ ಸೀಫೈಲ್ ಸರ್ವರಿನ ಡಿಸ್ಕ್ ತೆರೆದು ನೋಡಿದರೆ ನಿಮ್ಮ ಫೈಲ್ ಕಾಣುವುದಿಲ್ಲ. ತುಂಡುಗಳು ಮಾತ್ರ ಕಾಣುತ್ತವೆ. ಅವನ್ನು ಮತ್ತೆ ಫೈಲುಗಳಾಗಿ ಜೋಡಿಸಿ ಹೊರತೆಗೆಯುವ ಸಾಧನ ಸೀಫೈಲ್ ಜೊತೆಗೇ ಬರುತ್ತದೆ. ಡೇಟಾಬೇಸ್ ಇಲ್ಲದೆಯೂ ಅದು ಕೆಲಸ ಮಾಡುತ್ತದೆ ಅನ್ನುವುದು ದೊಡ್ಡ ಸಮಾಧಾನ. ಹಾಗಿದ್ದರೂ ನಾನು ಒಬ್ಬ ಹೊಸಬರಿಗೆ ಸಲಹೆ ಕೊಡುವುದಾದರೆ, ವೇಗ ತೀರಾ ಅಗತ್ಯ ಇಲ್ಲದಿದ್ದರೆ, ಕಣ್ಣಿಗೆ ಕಾಣುವ ಫೈಲುಗಳನ್ನು ಇಡುವ ವ್ಯವಸ್ಥೆಯನ್ನೇ ಹೇಳುತ್ತೇನೆ. ರಾತ್ರಿ ಹೊತ್ತು ಏನೋ ಕೆಟ್ಟು ಗಾಬರಿಯಾದಾಗ ಫೋಲ್ಡರ್ ತೆರೆದರೆ ಫೈಲ್ ಅಲ್ಲೇ ಕಾಣಬೇಕು. ಆ ಧೈರ್ಯಕ್ಕೆ ಬೆಲೆ ಕಟ್ಟಲಾಗದು.

ಕನ್ನಡದಲ್ಲಿ ಫೈಲಿಗೆ ಹೆಸರಿಡುವವರಿಗೆ ಇಲ್ಲಿ ಇನ್ನೂ ಒಂದು ಸೂಕ್ಷ್ಮ ಇದೆ. ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ‘ಕೋ’ ಅನ್ನುವುದನ್ನು ಎರಡು ರೀತಿಯಲ್ಲಿ ಬರೆದಿಡಬಹುದು. ಓತ್ವವನ್ನು ಒಂದೇ ಚಿಹ್ನೆಯಾಗಿ ಇಡುವುದು ಒಂದು ರೀತಿ, ಅದನ್ನು ಒಡೆದು ಎತ್ವ, ಕೊಂಬಿನ ದೀರ್ಘ, ಮೇಲೊಂದು ದೀರ್ಘ ಚಿಹ್ನೆ ಎಂದು ಮೂರಾಗಿ ಇಡುವುದು ಇನ್ನೊಂದು. ಕೀ, ಕೇ, ಕೈ, ಕೊ ಇವಕ್ಕೂ ಹೀಗೆಯೇ. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಎರಡು ಬೇರೆ ಹೆಸರು. ಮ್ಯಾಕ್‌ನ ಹಳೆಯ ಫೈಲ್ ವ್ಯವಸ್ಥೆ ಹೆಸರುಗಳನ್ನು ಒಡೆದೇ ಇಡುತ್ತಿತ್ತು. ಲಿನಕ್ಸ್ ಕೊಟ್ಟದ್ದನ್ನು ಕೊಟ್ಟಂತೆ ಇಡುತ್ತದೆ. ಸಿಂಕ್ ಸಾಫ್ಟ್‌ವೇರ್ ಇದನ್ನು ಗಮನಿಸದಿದ್ದರೆ ಒಂದೇ ಫೋಲ್ಡರಿನಲ್ಲಿ ಒಂದೇ ಹೆಸರಿನ ಎರಡು ಫೈಲುಗಳು ಕಾಣಿಸಿಕೊಳ್ಳುತ್ತವೆ. ಉದ್ದದ ಮಿತಿಯೂ ಇದೆ. ಲಿನಕ್ಸಿನ ಸಾಮಾನ್ಯ ಫೈಲ್ ವ್ಯವಸ್ಥೆಯಲ್ಲಿ ಒಂದು ಹೆಸರಿಗೆ 255 ಬೈಟ್ ಮಾತ್ರ ಜಾಗ. ಕನ್ನಡದ ಪ್ರತಿ ಚಿಹ್ನೆ 3 ಬೈಟ್ ತಿನ್ನುವುದರಿಂದ ಸಿಗುವುದು 85 ಚಿಹ್ನೆ, ಅದರಲ್ಲಿ ಕಾಗುಣಿತ, ಒತ್ತು ಎಲ್ಲ ಸೇರಿ. ಲೇಖನದ ಪೂರ್ತಿ ಶೀರ್ಷಿಕೆಯನ್ನೇ ಫೈಲಿನ ಹೆಸರಾಗಿ ಇಡುವ ಅಭ್ಯಾಸ ಇದ್ದವರು ಈ ಮಿತಿಗೆ ಬೇಗ ತಗಲುತ್ತಾರೆ. ಪರೀಕ್ಷೆ ಮಾಡುವಾಗ ಇಂಗ್ಲಿಷ್ ಹೆಸರಿನ ಫೈಲುಗಳನ್ನಷ್ಟೇ ಹಾಕಿ ನೋಡಿದರೆ ಇದ್ಯಾವುದೂ ಗೊತ್ತಾಗುವುದಿಲ್ಲ.

ಯಾರು ನೋಡಿಕೊಳ್ಳುತ್ತಾರೆ?

ಸ್ವಂತ ಸರ್ವರ್ ಅಂದರೆ ಅದರ ಕಾವಲೂ ಸ್ವಂತದ್ದೇ ಅಲ್ವಾ. ನೆಕ್ಸ್ಟ್‌ಕ್ಲೌಡಿನ ಪ್ರತಿ ಮುಖ್ಯ ಆವೃತ್ತಿಗೆ ಉಚಿತ ಬಳಕೆದಾರರಿಗೆ ಸುಮಾರು ಒಂದು ವರ್ಷ ಮಾತ್ರ ಸುರಕ್ಷತೆಯ ತಿದ್ದುಪಡಿ ಸಿಗುತ್ತದೆ. ಮೇಲಾಗಿ ಒಂದು ಆವೃತ್ತಿ ಬಿಟ್ಟು ಮುಂದಕ್ಕೆ ಹಾರುವಂತಿಲ್ಲ, ಒಂದೊಂದೇ ಮೆಟ್ಟಿಲು ಹತ್ತಬೇಕು. ಎರಡು ವರ್ಷ ಮುಟ್ಟದೆ ಬಿಟ್ಟರೆ ಹಲವು ಮೆಟ್ಟಿಲು ಒಟ್ಟಿಗೆ ಎದುರಾಗುತ್ತವೆ, ನಡುವೆ ನೆಕ್ಸ್ಟ್‌ಕ್ಲೌಡ್ ಬರೆದಿರುವ ಭಾಷೆಯಾದ ಪಿಎಚ್‌ಪಿಯ ಆವೃತ್ತಿಯನ್ನೂ ಬದಲಿಸಬೇಕಾಗುತ್ತದೆ.

ತಿದ್ದುಪಡಿ ತಡವಾದರೆ ಏನಾಗುತ್ತದೆ ಅನ್ನುವುದಕ್ಕೆ ಉದಾಹರಣೆಗಳಿವೆ. 2019ರಲ್ಲಿ ನೆಕ್ಸ್ಟ್‌ಕ್ರೈ ಎಂಬ ರ‍್ಯಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ಸಾಫ್ಟ್‌ವೇರ್) ನೆಕ್ಸ್ಟ್‌ಕ್ಲೌಡ್ ಸರ್ವರುಗಳಿಗೇ ಗುರಿಯಿಟ್ಟು ಬಂತು. ಅದು ಒಳಗೆ ಬಂದ ಬಾಗಿಲು ನೆಕ್ಸ್ಟ್‌ಕ್ಲೌಡಿನದ್ದಲ್ಲ, ಅದರ ಕೆಳಗಿದ್ದ ಪಿಎಚ್‌ಪಿಯ ಒಂದು ದೋಷ. ಸರ್ವರಿನಲ್ಲಿ ಕೆಟ್ಟ ಫೈಲ್ ಸಿಂಕ್ ಆಗಿ ಲ್ಯಾಪ್‌ಟಾಪಿಗೂ ಇಳಿಯುತ್ತದೆ, ಸಿಂಕಿನ ಸ್ವಭಾವವೇ ಅದು. 2023ರ ನವೆಂಬರಿನಲ್ಲಿ ಓನ್‌ಕ್ಲೌಡಿನ ಒಂದು ಆ್ಯಪಿನಲ್ಲಿ ಹತ್ತಕ್ಕೆ ಹತ್ತು ತೀವ್ರತೆಯ ದೋಷ ಹೊರಬಿತ್ತು. ಒಂದು ವಿಳಾಸ ತೆರೆದರೆ ಸಾಕಿತ್ತು, ಸರ್ವರಿನ ಒಳಗಿನ ಮಾಹಿತಿ ಎದುರಿಗೆ ಬರುತ್ತಿತ್ತು. ಸಾಫ್ಟ್‌ವೇರನ್ನು ಕಂಟೇನರ್ ಎಂಬ ಪ್ರತ್ಯೇಕ ಪೆಟ್ಟಿಗೆಯಂಥ ವ್ಯವಸ್ಥೆಯಲ್ಲಿ ನಡೆಸುತ್ತಿದ್ದ ಕಡೆ ಅಡ್ಮಿನ್ ಪಾಸ್‌ವರ್ಡ್ ಕೂಡ ಅದರಲ್ಲಿ ಇರಬಹುದಿತ್ತು. ಮಾಹಿತಿ ಹೊರಹಾಕುತ್ತಿದ್ದ ಫೈಲನ್ನು ಅಳಿಸಿದರೆ ಮುಗಿಯಲಿಲ್ಲ, ಎಲ್ಲ ಪಾಸ್‌ವರ್ಡ್‌ಗಳನ್ನೂ ಬದಲಿಸಬೇಕಾಯಿತು.

ಇಲ್ಲಿ ಮತ್ತೆ ಮೊದಲಿನ ಪ್ರಶ್ನೆಗೇ ಬರುತ್ತೇವೆ. ನಿಮಗೆ ಬೇಕಿರುವುದು ಗೊತ್ತಿರುವ ನಾಲ್ಕು ಜನರ ನಡುವಿನ ಸಿಂಕ್ ಮಾತ್ರವಾದರೆ ಸರ್ವರನ್ನು ಇಡೀ ಇಂಟರ್‌ನೆಟ್ಟಿಗೆ ತೆರೆದಿಡುವ ಅಗತ್ಯವೇ ಇಲ್ಲ. ಯಂತ್ರಗಳ ನಡುವೆ ಖಾಸಗಿ ದಾರಿ ಕಟ್ಟುವ ವಿಪಿಎನ್ ಸಾಫ್ಟ್‌ವೇರ್ ವೈರ್‌ಗಾರ್ಡ್ 2020ರಿಂದ ಲಿನಕ್ಸಿನ ತಿರುಳಾದ ಕರ್ನಲ್ಲಿನ ಒಳಗೇ ಇದೆ. ಅದರ ಹಿಂದೆ ಸರ್ವರನ್ನು ಇಟ್ಟು ಆ ನಾಲ್ಕು ಜನರ ಯಂತ್ರಗಳಿಗೆ ಮಾತ್ರ ದಾರಿ ಕೊಡಬಹುದು. ಹೊರಗಿನವರಿಗೆ ಲಿಂಕ್ ಕಳಿಸಬೇಕು ಅಂದ ಕೂಡಲೇ ಬಾಗಿಲು ತೆರೆಯಲೇಬೇಕು, ಆಮೇಲೆ ಪ್ರತಿ ತಿದ್ದುಪಡಿಯನ್ನೂ ಬಂದ ವಾರದಲ್ಲೇ ಹಾಕುವ ಒಬ್ಬರು ಬೇಕು. ಆ ಒಬ್ಬರ ಹೆಸರು ಹೇಳಲಾಗದಿದ್ದರೆ ಲಿಂಕ್ ಹಂಚುವ ಆಸೆಯನ್ನು ಸದ್ಯಕ್ಕೆ ಬಿಡುವುದು ಮೇಲು.

ಸಾಫ್ಟ್‌ವೇರ್ ಮಾಡುವವರು ಯಾರು ಅನ್ನುವುದೂ ಸಣ್ಣ ವಿಷಯ ಅಲ್ಲ. ಓನ್‌ಕ್ಲೌಡನ್ನು 2010ರಲ್ಲಿ ಶುರು ಮಾಡಿದ ಫ್ರಾಂಕ್ ಕಾರ್ಲಿಚೆಕ್ 2016ರಲ್ಲಿ ಅದನ್ನು ಬಿಟ್ಟು ನೆಕ್ಸ್ಟ್‌ಕ್ಲೌಡ್ ಕಟ್ಟಿದರು. ಓನ್‌ಕ್ಲೌಡ್ ಮುಂದೆ ಎಲ್ಲವನ್ನೂ ಗೋ ಭಾಷೆಯಲ್ಲಿ ಹೊಸದಾಗಿ ಬರೆಯಿತು. 2023ರಲ್ಲಿ ಕೈಟ್‌ವರ್ಕ್ಸ್ ಎಂಬ ಕಂಪನಿ ಅದನ್ನು ಕೊಂಡಿತು. 2025ರ ಆರಂಭದಲ್ಲಿ ಜರ್ಮನಿಯ ಹೈನ್‌ಲೈನ್ ಬಳಗ ಅದೇ ಕೋಡಿನಿಂದ ಓಪನ್‌ಕ್ಲೌಡ್ ಎಂಬ ಇನ್ನೊಂದು ಕವಲು ತೆಗೆಯಿತು. ಹೊಸಬರಿಗೆ ಇದು ಗೊಂದಲ ಹುಟ್ಟಿಸುತ್ತದೆ, ಆದರೆ ನನಗೆ ಇದರಲ್ಲಿ ಧೈರ್ಯ ಕಾಣುತ್ತದೆ. ಕೋಡ್ ತೆರೆದಿದ್ದದ್ದರಿಂದಲೇ ಕಂಪನಿ ಕೈ ಬದಲಾದರೂ ಕೆಲಸ ಬೇರೆ ಹೆಸರಿನಲ್ಲಿ ಮುಂದುವರಿಯಿತು. ಓಪನ್‌ಕ್ಲೌಡ್ ಬಗ್ಗೆ ನನಗೆ ಕುತೂಹಲ ಇದೆ. ಅದಕ್ಕೆ ಬೇರೆ ಡೇಟಾಬೇಸ್ ಬೇಡ, ಸ್ಪೇಸ್‌ಗಳಿವೆ, ಫೈಲುಗಳನ್ನು ಡಿಸ್ಕಿನಲ್ಲಿ ಮಾಮೂಲಿ ಫೈಲುಗಳಾಗಿಯೇ ಇಡುವ ವ್ಯವಸ್ಥೆಯೂ ಇದೆ. ಆದರೆ ಎಳೆಯ ಯೋಜನೆ. ಇನ್ನೊಂದೆರಡು ವರ್ಷ ನೋಡಿ ನಂಬುವುದು ವಾಸಿ.

ಎನ್‌ಕ್ರಿಪ್ಷನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ನೆಕ್ಸ್ಟ್‌ಕ್ಲೌಡಿನ ಸರ್ವರ್ ಬದಿಯ ಎನ್‌ಕ್ರಿಪ್ಷನ್ ಆನ್ ಮಾಡಿದರೆ ಕೀಲಿಯೂ ಅದೇ ಸರ್ವರಿನಲ್ಲಿ ಇರುತ್ತದೆ. ಹೊರಗಿನ ಸ್ಟೋರೇಜ್ ಬಳಸುವವರಿಗೆ ಮಾತ್ರ ಅದರಿಂದ ಲಾಭ. ಉಳಿದವರಿಗೆ ಫೈಲುಗಳು ಕಣ್ಣಿಗೆ ಕಾಣುವ ಅನುಕೂಲ ಸುಮ್ಮನೆ ಹೋಗುತ್ತದೆ. ಸೀಫೈಲಿನ ಎನ್‌ಕ್ರಿಪ್ಟ್ ಆದ ಲೈಬ್ರರಿಯಲ್ಲಿ ಫೈಲಿನ ಒಳಗಿನದು ಮುಚ್ಚಿರುತ್ತದೆ, ಹೆಸರುಗಳು ಮುಚ್ಚಿರುವುದಿಲ್ಲ.

ಬ್ಯಾಕಪ್ ಮಾತ್ರ ಬಿಡುವಂತಿಲ್ಲ. ಸಿಂಕ್ ಬ್ಯಾಕಪ್ ಅಲ್ಲ ಅನ್ನುವುದನ್ನು ನನ್ನ ಆ ಖಾಲಿ ಫೋಲ್ಡರ್ ಆಗಲೇ ಹೇಳಿದೆ. ನೆಕ್ಸ್ಟ್‌ಕ್ಲೌಡ್, ಸೀಫೈಲ್ ಎರಡರಲ್ಲೂ ಫೈಲುಗಳು, ಡೇಟಾಬೇಸ್, ಸೆಟ್ಟಿಂಗ್ ಮೂರನ್ನೂ ಜೊತೆಯಾಗಿ ತೆಗೆದಿಡಬೇಕು. ಫೈಲುಗಳು ಇವತ್ತಿನವು, ಡೇಟಾಬೇಸ್ ಕಳೆದ ವಾರದ್ದು ಆದರೆ ಎರಡೂ ಒಂದಕ್ಕೊಂದು ಹೊಂದುವುದಿಲ್ಲ. ರೆಸ್ಟಿಕ್, ಬೋರ್ಗ್ ಎಂಬ ಬ್ಯಾಕಪ್ ಸಾಫ್ಟ್‌ವೇರುಗಳು ಎರಡೂ ಈ ಕೆಲಸಕ್ಕೆ ಒಳ್ಳೆಯ ಸಾಧನಗಳು. ಒಂದು ಪ್ರತಿಯಾದರೂ ಬೇರೆ ಕಟ್ಟಡದಲ್ಲಿರಲಿ.

ಹಾಗಾದರೆ ಯಾವುದು? ಒಬ್ಬರೇ ಇದ್ದು ಹಲವು ಯಂತ್ರ ಇದ್ದರೆ ಸಿಂಕ್‌ಥಿಂಗ್. ಜನರ ಗುಂಪು, ಕ್ಯಾಲೆಂಡರ್, ಒಟ್ಟಿಗೆ ತಿದ್ದುವ ದಾಖಲೆಗಳು ಎಲ್ಲ ಬೇಕಿದ್ದು, ನೋಡಿಕೊಳ್ಳುವವರು ಒಬ್ಬರಿದ್ದರೆ ನೆಕ್ಸ್ಟ್‌ಕ್ಲೌಡ್. ದೊಡ್ಡ ಫೈಲುಗಳು, ಬರೀ ಫೈಲುಗಳು, ವೇಗ ಬೇಕಿದ್ದರೆ ಸೀಫೈಲ್. ಎರಡನ್ನು ಜೊತೆಗೆ ಇಟ್ಟುಕೊಳ್ಳುವುದರಲ್ಲೂ ತಪ್ಪಿಲ್ಲ. ಸ್ವಂತ ಫೋಟೋಗಳಿಗೆ ಒಂದು, ಗುಂಪಿನ ದಾಖಲೆಗಳಿಗೆ ಇನ್ನೊಂದು. ಆದರೆ ಒಂದೇ ಫೋಲ್ಡರಿನ ಮೇಲೆ ಎರಡು ಸಿಂಕ್ ಸಾಫ್ಟ್‌ವೇರ್ ಓಡಿಸಬೇಡಿ, ಒಂದು ಮಾಡಿದ್ದನ್ನು ಇನ್ನೊಂದು ಬದಲಾವಣೆ ಎಂದು ತಿಳಿದು ಹಿಂದೆ ಮುಂದೆ ಎಳೆದಾಡುತ್ತವೆ.

ತೀರ್ಮಾನ ಮಾಡುವ ಮೊದಲು ಒಂದು ತಿಂಗಳು ಸುಳ್ಳು ಫೈಲುಗಳನ್ನು ಹಾಕಿ ಓಡಿಸಿ ನೋಡಿ. ಇಬ್ಬರು ನೆಟ್ ಆಫ್ ಮಾಡಿ ಒಂದೇ ದಾಖಲೆ ತಿದ್ದಿ, ಆಮೇಲೆ ನೆಟ್ ಆನ್ ಮಾಡಿ. ಉದ್ದನೆಯ ಕನ್ನಡ ಹೆಸರಿನ ಫೈಲನ್ನು ಎಲ್ಲ ಯಂತ್ರಗಳಿಗೂ ಕಳಿಸಿ. ಫೋಲ್ಡರ್ ಹಂಚಿದವರ ಖಾತೆಯನ್ನು ಅಳಿಸಿ ಉಳಿದವರಿಗೆ ಏನು ಕಾಣುತ್ತದೆ ನೋಡಿ. ಕೊನೆಗೆ ಸರ್ವರನ್ನು ಪೂರ್ತಿ ಆಫ್ ಮಾಡಿ, ಬ್ಯಾಕಪ್ ಒಂದನ್ನೇ ಇಟ್ಟುಕೊಂಡು ಬೇರೆ ಯಂತ್ರದಲ್ಲಿ ಎಲ್ಲವನ್ನೂ ಮತ್ತೆ ಎಬ್ಬಿಸಿ. ಎಷ್ಟು ಹೊತ್ತು ಹಿಡಿಯಿತು ಅಂತ ಬರೆದಿಟ್ಟುಕೊಳ್ಳಿ, ಮಾಡಿದ ಕ್ರಮವನ್ನೂ ಒಂದು ಕಾಗದದ ಮೇಲೆ ಬರೆದು ಗುಂಪಿನ ಇನ್ನೊಬ್ಬರ ಕೈಗೆ ಕೊಡಿ. ಮುಂದಿನ ಸಲ ನಿಮ್ಮ ಸಹಾಯ ಇಲ್ಲದೆ ಅವರೇ ಅದನ್ನು ಮಾಡಲಿ.